ಉದ್ದಿನ ಬೇರಿನ ಗಂಟು

"ಗುರುಗಳೇ, ಅವೇ ಮಕ್ಕಳಿಗೆ ಇಬ್ಬರು ಉಪಾಧ್ಯಾಯರು ಯಾಕೆ ಬೇಕು?" ಎಂದು ಶಿಷ್ಯ ಮುರಿಗಯ್ಯ ಕೇಳಿದ.

ಮಠದ ಪಾಠಶಾಲೆಯಲ್ಲಿ ಬೆಳಿಗ್ಗೆ ವ್ಯಾಕರಣ ಕಲಿಸುವವನು ಅವನು. ಸಂಜೆ ಅದೇ ಮಕ್ಕಳಿಗೆ ಹಾಡು, ಒಗಟು ಹೇಳಿಕೊಡುವವನು ಬಸಲಿಂಗಯ್ಯ. "ನಾನು ಕಷ್ಟಪಟ್ಟು ಕಲಿಸಿದ್ದನ್ನೆಲ್ಲ ಅವನು ನಗಿಸಿ ನಗಿಸಿ ಮರೆಸಿಬಿಡುತ್ತಾನೆ. ಅವನನ್ನು ಬೇರೆ ಮಠಕ್ಕೆ ಕಳುಹಿಸಿಬಿಡಿ."

ಗುರುಗಳು ನಕ್ಕರು. "ಕೂತುಕೊಳ್ಳಯ್ಯ. ಕಳುಹಿಸುವುದೇನು ಮಹಾ ಕೆಲಸ? ಮೊದಲು ಒಂದು ಕತೆ ಕೇಳು" ಎಂದು ಶುರುಮಾಡಿದರು.

ಒಬ್ಬ ರೈತನಿಗೆ ಇಬ್ಬರು ಗಂಡುಮಕ್ಕಳು. ಇದ್ದದ್ದು ಒಂದೇ ಗದ್ದೆ. ನಡುವೆ ಬದು ಹಾಕಿದರೆ ನೇಗಿಲು ತಿರುಗಿಸಲೂ ಜಾಗ ಸಾಲದು. ಅದಕ್ಕೆ ಅವನು ನೆಲವನ್ನು ಹಂಚಲಿಲ್ಲ, ವರ್ಷವನ್ನು ಹಂಚಿದ. ಮಳೆಗಾಲ ಅಣ್ಣನದು, ಅವನು ಭತ್ತ ಬೆಳೆಯಲಿ. ಭತ್ತ ಕೊಯ್ದ ಮೇಲಿನ ಕಾಲ ತಮ್ಮನದು, ನೆಲದ ಹಸಿ ಆರುವ ಮೊದಲು ಅವನು ಉದ್ದು ಬಿತ್ತಲಿ. ಎಂಥ ಜಾಣ ನೋಡು!

ತಂದೆ ಹೋದ ಮೇಲೂ ಅದು ಚೆನ್ನಾಗಿಯೇ ನಡೆಯಿತು. ಆದರೆ ಅಣ್ಣನಿಗೆ ಒಳಗೊಳಗೇ ಹೊಟ್ಟೆಯುರಿ. ತಾನು ಕೆಸರಿನಲ್ಲಿ ಸೊಂಟ ಮುರಿದುಕೊಳ್ಳಬೇಕು, ತಮ್ಮನಾದರೋ ಬೀಜ ಚೆಲ್ಲಿ ಹಾಡಿಕೊಂಡು ತಿರುಗುತ್ತಾನೆ. ಗದ್ದೆಯ ಸಾರವೆಲ್ಲ ಇವನ ಉದ್ದಿಗೇ ಹೋಗುತ್ತಿದೆ ಎಂದು ಅವನು ನಂಬಿದ.

ಒಂದು ವರ್ಷ ತಮ್ಮ ಕುಡುಗೋಲು ಹಿಡಿದು ಅರ್ಧ ಗದ್ದೆಯ ಉದ್ದು ಕೊಯ್ದು ಮುಗಿಸಿದ್ದ. ಅಷ್ಟರಲ್ಲಿ ಅಣ್ಣ ಬಂದು ಒಂದು ಗಿಡವನ್ನು ಕಿತ್ತು ನೋಡಿದ. ಬೇರಿನ ತುಂಬ ರಾಗಿ ಕಾಳಿನಂಥ ಗಂಟುಗಳು.

"ಅಯ್ಯಯ್ಯೋ, ರೋಗ! ನನ್ನ ಗದ್ದೆಗೆ ರೋಗ ತುಂಬುತ್ತಿದ್ದೀಯಲ್ಲೋ! ಉಳಿದದ್ದನ್ನೆಲ್ಲ ಬೇರುಸಮೇತ ಕಿತ್ತು ಆಚೆ ಹಾಕು. ಇನ್ನು ಮೇಲೆ ಈ ಗದ್ದೆಗೆ ಕಾಲಿಡಬೇಡ."

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ. ಆ ಪುಣ್ಯಾತ್ಮ ಕಂಡ, ಅಷ್ಟೇ. ತಮ್ಮನಿಗೆ ಆ ಉದ್ದಿನ ಬೆಳೆ ಬಿಟ್ಟರೆ ಬೇರೆ ಜೀವನವಿಲ್ಲ. ಆದರೂ ಅಣ್ಣನ ಮಾತು ಮೀರಲಾರದೆ, ಕಣ್ಣೊರೆಸಿಕೊಂಡು ಉಳಿದರ್ಧವನ್ನು ಕಿತ್ತ. ಕಾಯಿ ಬಿಡಿಸಿಕೊಂಡ ಮೇಲೆ ಬೇರು, ಸೊಪ್ಪು ಎಲ್ಲವನ್ನೂ ಅಣ್ಣ ತಾನೇ ನಿಂತು ಸುಡಿಸಿದ.

ಮಳೆ ಬಂತು. ಭತ್ತದ ನಾಟಿಯಾಯಿತು. ಪೈರು ಮೇಲೆದ್ದಾಗ ಅರ್ಧ ಗದ್ದೆ ಕಡುಹಸಿರು, ಇನ್ನರ್ಧ ಕಾಮಾಲೆ ಹಿಡಿದವರ ಹಾಗೆ ಹಳದಿ. ನಡುವೆ ದಾರ ಹಿಡಿದು ಗೆರೆ ಎಳೆದಂತಿತ್ತು.

ಅಣ್ಣ ತಮ್ಮನ ಮನೆಗೆ ಓಡಿದ. "ಕಳ್ಳ! ಅರ್ಧಕ್ಕೆ ಮಾತ್ರ ಕದ್ದು ಗೊಬ್ಬರ ಹಾಕಿದ್ದೀಯಲ್ಲ, ಉಳಿದರ್ಧ ಏನು ಪಾಪ ಮಾಡಿತ್ತು?"

"ನಾನೇನೂ ಹಾಕಿಲ್ಲಣ್ಣ. ಹಸಿರಿರುವ ಕಡೆ ನಾನು ಕುಡುಗೋಲಿನಲ್ಲಿ ಕೊಯ್ದಿದ್ದೆ, ಬೇರು ನೆಲದಲ್ಲೇ ಉಳಿಯಿತು. ಹಳದಿಯಾದ ಕಡೆ ನೀನು ಕೀಳಿಸಿದೆ."

ಅಣ್ಣ ತಮ್ಮನನ್ನು ಎಳೆದುಕೊಂಡು ಗದ್ದೆಗೆ ಹೋಗಿ ಆ ಗೆರೆಯನ್ನು ಮತ್ತೆ ನೋಡಿದ. ಆ ಗಂಟು ರೋಗವಲ್ಲ ಕಣಯ್ಯ ಮುರಿಗಯ್ಯ, ಉದ್ದು ಗಾಳಿಯಿಂದ ಹೀರಿ ಬೇರಿನಲ್ಲಿ ಕೂಡಿಟ್ಟ ಸಾರ. ಬೇರು ನೆಲದಲ್ಲಿ ಕೊಳೆತರೆ ಅದೇ ಭತ್ತಕ್ಕೆ ಊಟ. ಅಣ್ಣನಿಗೆ ಅದು ಈಗ ಹೊಳೆಯಿತು. ಹಣೆ ಚಚ್ಚಿಕೊಂಡ. ಆಮೇಲೆ ತಡೆಯಲಾರದೆ ನಗತೊಡಗಿದ. ಅವನು ನಗುವುದನ್ನು ನೋಡಿ ತಮ್ಮನಿಗೂ ನಗು ಬಂತು.

ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಮತ್ತೆ ಬಾರದು. ಪುಣ್ಯಕ್ಕೆ ಉದ್ದು ಮತ್ತೆ ಬರುತ್ತದೆ. ಭತ್ತ ಕೊಯ್ದ ಮಾರನೆಯ ದಿನವೇ ಅಣ್ಣ ಬಿತ್ತನೆಯ ಬುಟ್ಟಿ ಹೊತ್ತು ತಮ್ಮನ ಬಾಗಿಲಿಗೆ ಬಂದ. "ಏಳೋ ಸೋಮಾರಿ, ಹಸಿ ಆರಿಹೋಗುತ್ತೆ!" ಅಂದ. ಇಬ್ಬರೂ ಸೇರಿ ಬಿತ್ತಿದರು. ಮನೆಯಲ್ಲಿ ಅತ್ತಿಗೆ ಉದ್ದಿನ ವಡೆ ಕರಿದಳು. ಎರಡು ಮನೆಯ ಮಕ್ಕಳೂ ಕಿತ್ತಾಡಿಕೊಂಡು ತಿಂದವು.

ಕತೆ ಮುಗಿಸಿ ಗುರುಗಳು ಶಾಲು ಸರಿಪಡಿಸಿಕೊಂಡರು.

"ಆಗಲಿ, ಬಸಲಿಂಗಯ್ಯನನ್ನು ನಾಳೆಯೇ ಕಳುಹಿಸುತ್ತೇನೆ. ಆದರೆ ವ್ಯಾಕರಣದಂಥ ವ್ಯಾಕರಣಕ್ಕೂ ಮಕ್ಕಳು ಬೆಳಿಗ್ಗೆ ನಗುನಗುತ್ತ ಓಡಿಬರುತ್ತಾರಲ್ಲ ಮುರಿಗಯ್ಯ, ಅದು ಯಾಕೆಂದು ಮೊದಲು ಹೇಳು."