ಬಾಲವಿದ್ದವರ ಮತ

ಕೊಳದ ಅಧ್ಯಕ್ಷಗಿರಿಗೆ ಆಮೆಯೂ ಕೊಕ್ಕರೆಯೂ ನಿಂತಿದ್ದವು. ಹಿರಿಯ ಕಪ್ಪೆಗಳ ಮತ ಸರಿಸಮವಾಗಿ ಹಂಚಿಹೋಯಿತು. ಉಳಿದದ್ದು ಹನ್ನೊಂದು ಗೊದಮೊಟ್ಟೆಗಳ ಮತ. ಅದುವರೆಗೆ ಅವುಗಳ ಮಾತನ್ನು ಯಾರೂ ಕೇಳಿದ್ದಿಲ್ಲ.

“ನಮಗೇನು ಕೊಡುವಿರಿ?” ಎಂದಳು ಗೊದಮೊಟ್ಟೆಗಳ ಮುಂದಾಳು ಚುಕ್ಕಿ.

“ಎಲ್ಲರಿಗೂ ಕೊಡುವ ಕಾವಲನ್ನೇ” ಎಂದಿತು ಆಮೆ.

ಕೊಕ್ಕರೆ ಕತ್ತು ಬಾಗಿಸಿತು. “ಬಾಲವಿದ್ದವರನ್ನು ನಾನು ಮುಟ್ಟುವುದಿಲ್ಲ. ನನ್ನಾಣೆ.”

ಚುಕ್ಕಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

“ಹಾಗಾದರೆ ನಮ್ಮ ಗತಿ, ಮಗೂ?” ಎಂದಳು ಅಜ್ಜಿ ಕಪ್ಪೆ.

“ನಮ್ಮ ಗತಿಯನ್ನು ನೀವು ಎಂದಾದರೂ ಕೇಳಿದ್ದಿರಾ, ಅಜ್ಜಿ?” ಎಂದ ಚುಕ್ಕಿ ಹನ್ನೊಂದು ಮತವನ್ನೂ ಕೊಕ್ಕರೆಗೇ ಹಾಕಿಸಿದಳು.

ಕೊಕ್ಕರೆ ಆಣೆಗೆ ತಪ್ಪಲಿಲ್ಲ. ಮೊದಲು ಅಜ್ಜಿಯನ್ನು ನುಂಗಿತು. ಚುಕ್ಕಿಯನ್ನು ಮಾತ್ರ ದಿನಾ ಬೆಳಿಗ್ಗೆ ಕಂಡು, ಬಾಲ ನೋಡಿ, ನಮಸ್ಕರಿಸಿ ಮುಂದೆ ಹೋಗುತ್ತಿತ್ತು. ಕೆಲವೇ ವಾರಗಳಲ್ಲಿ ಚುಕ್ಕಿಗೆ ಕಾಲು ಮೂಡಿ, ಬಾಲ ಕರಗಿತು.

ಅಂದು ಬೆಳಿಗ್ಗೆ ಬಂದ ಕೊಕ್ಕರೆ ಮುಂದೆ ಹೋಗಲಿಲ್ಲ.