ಹದಿನೆಂಟು ಮದುವೆಯ ಪಾಠ

"ಬುದ್ಧಿ, ಹಿಂದುಳಿದ ಮಕ್ಕಳನ್ನು ಈ ಬೇಸಿಗೆಯಲ್ಲಿ ಬೆಳಗಿನಿಂದ ಸಂಜೆಯವರೆಗೂ ಕೂರಿಸಿದರೆ ಉಳಿದವರ ಸಮಕ್ಕೆ ಬಂದಾರೆಯೇ?"

ಮಠದ ಸ್ವಾಮಿಗಳನ್ನು ಹೀಗೆ ಕೇಳಿದವನು ಮರುಳಯ್ಯ. ಮಠದ ಶಾಲೆ ಅವನ ಕೈಯಲ್ಲಿತ್ತು. ಹಿಂದಿನ ಬೇಸಿಗೆಯಲ್ಲಿ ಅವನು ಹನ್ನೊಂದು ಮಕ್ಕಳನ್ನು ರಜೆಯಲ್ಲೂ ಕರೆಸಿ, ವರ್ಷವೆಲ್ಲ ಹೇಳಿದ್ದ ಪಾಠವನ್ನೇ ಇನ್ನೊಂದು ಸಲ ಹೇಳಿದ್ದ. ಶಾಲೆ ತೆರೆದ ಮೇಲೆ ನೋಡಿದರೆ ರಜೆಗೆ ಮನೆಗೆ ಹೋಗಿದ್ದ ಮಕ್ಕಳಿಗೂ ಇವರಿಗೂ ಇದ್ದ ಅಂತರ ತಗ್ಗಿರಲಿಲ್ಲ, ಬೆಳೆದಿತ್ತು. ಮರುಳಯ್ಯ ಮೈಗಳ್ಳನಲ್ಲ, ಅದಕ್ಕೇ ಅವನಿಗೆ ಅದು ಹೆಚ್ಚು ನೋವಾಗಿತ್ತು. ಈ ಸಲವೂ ಹೀಗೇ ಆದರೆ ಆ ಹನ್ನೊಂದು ಮಕ್ಕಳನ್ನು ಮನೆಯವರು ಶಾಲೆ ಬಿಡಿಸುತ್ತಾರೆ ಎಂಬುದೂ ಅವನಿಗೆ ಗೊತ್ತಿತ್ತು.

ಸ್ವಾಮಿಗಳು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ವಾಲಗದ ಗುರು ಇದ್ದ. ಹತ್ತು ಮಂದಿ ಶಿಷ್ಯರಿಗೆ ನಾಗಸ್ವರ ಕಲಿಸುತ್ತಿದ್ದ. ಆಷಾಢದಲ್ಲಿ ಮದುವೆಯಿಲ್ಲ, ವಾಲಗದವರಿಗೆ ಕೆಲಸವಿಲ್ಲ. ಆಗ ಪಾಠ ಶುರು. ಚೈತ್ರ ಕಳೆದು ಲಗ್ನದ ಕಾಲ ಬಂದರೆ ಗುರುವಿಗೇ ಪುರುಸೊತ್ತಿಲ್ಲ. ಆಗ ಪಾಠಕ್ಕೆ ರಜೆ. ಈ ಕ್ರಮ ಅವನ ತಾತನ ಕಾಲದಿಂದ ಬಂದದ್ದು. ಅದನ್ನು ಯಾರೂ ಪ್ರಶ್ನೆ ಮಾಡಿರಲಿಲ್ಲ, ಅವನೂ ಮಾಡಿರಲಿಲ್ಲ.

ರಜೆ ಕೊಡುವ ಮುಂಚೆ ಅವನು ಒಬ್ಬೊಬ್ಬರನ್ನೂ ಕೂರಿಸಿ ಊದಿಸಿ ಕೇಳುತ್ತಿದ್ದ. ಹತ್ತು ಮಂದಿಯೂ ಹೆಚ್ಚು ಕಡಿಮೆ ಒಂದೇ ಮಟ್ಟದಲ್ಲಿ ಇರುತ್ತಿದ್ದರು. ಆಷಾಢದಲ್ಲಿ ಮತ್ತೆ ಕೇಳಿದರೆ ಐದು ಮಂದಿ ಎಲ್ಲೋ ಮುಂದೆ ಹೋಗಿರುತ್ತಿದ್ದರು, ಐದು ಮಂದಿ ಎಲ್ಲೋ ಹಿಂದೆ ನಿಂತಿರುತ್ತಿದ್ದರು. ಮುಂದೆ ಹೋದವರು ವಾದ್ಯದ ಮನೆಯ ಮಕ್ಕಳು. ಹಿಂದೆ ನಿಂತವರು ಕುಂಬಾರ, ಗಾಣಿಗ, ಕುರಿ ಕಾಯುವವ, ಇಂಥವರ ಮಕ್ಕಳು. ಊರಿನವರು ಇದಕ್ಕೆ ಕಾರಣ ಹುಡುಕಲು ಕಷ್ಟಪಡಲಿಲ್ಲ. ಅವರ ರಕ್ತದಲ್ಲೇ ಸ್ವರ ಇದೆ, ಇವರದರಲ್ಲಿ ಇಲ್ಲ ಎಂದರು. ಗುರು ಆ ಮಾತನ್ನು ಪೂರ್ತಿ ಒಪ್ಪಲಿಲ್ಲ, ಪೂರ್ತಿ ತಳ್ಳಿಹಾಕಲೂ ಇಲ್ಲ.

ಆದರೆ ಅವನು ಒಳ್ಳೆಯ ಮನುಷ್ಯ. ಹಿಂದೆ ನಿಂತ ಐವರನ್ನು ಕೈ ಬಿಡಬಾರದು ಎಂದುಕೊಂಡ. ಲಗ್ನದ ಕಾಲ ಬಂದಾಗ ಅವರನ್ನು ತನ್ನ ಮನೆಯಲ್ಲೇ ಉಳಿಸಿಕೊಂಡ. ಹಿತ್ತಲಿನ ಕೋಣೆ ಕೊಟ್ಟ, ಹೊಟ್ಟೆತುಂಬ ಊಟ ಹಾಕಿಸಿದ, ಸಂಗೀತದ ಮೊದಲ ಪಾಠವಾದ ಸರಳೆವರಸೆ ಒಂದನ್ನೇ ದಿನಕ್ಕೆ ನಲವತ್ತು ಸಲ ಊದಬೇಕೆಂದು ಹೇಳಿದ. ಸರಿಯಾಗಿ ಊದುತ್ತಾರೋ ಇಲ್ಲವೋ ನೋಡಿಕೊಳ್ಳಲು ಹೆಂಡತಿಗೆ ಒಪ್ಪಿಸಿ ತಾನು ಮದುವೆಗಳಿಗೆ ಹೊರಟ. ಹಾಡ್ತಾ ಹಾಡ್ತಾ ರಾಗ, ನರಳ್ತಾ ನರಳ್ತಾ ರೋಗ ಎಂಬ ಗಾದೆಯ ಮೇಲೆ ಅವನಿಗೆ ತುಂಬ ನಂಬಿಕೆ. ಆ ಕೋಣೆಯಲ್ಲಿ ಗಾದೆಯ ಎರಡನೆಯ ಅರ್ಧ ಮಾತ್ರ ನಿಜವಾಯಿತು.

ಆಷಾಢ ಬಂತು. ಐವರ ಸರಳೆಯಲ್ಲಿ ಒಂದು ತಪ್ಪಿಲ್ಲ. ಗುರುವಿಗೆ ಸಂತೋಷವಾಯಿತು. ಸರಿ, ಈಗ ಮದುವೆ ಮನೆಯಲ್ಲಿ ಊದುವ ಹಾಗೆ ಊದಿ ಎಂದ. ಐವರೂ ಮತ್ತೆ ಸರಳೆಯನ್ನೇ ಊದಿದರು. ವಾದ್ಯದ ಮನೆಯ ಮಕ್ಕಳು ನಗಲಿಲ್ಲ, ಆದರೆ ನಕ್ಕ ಹಾಗೇ ಆಯಿತು.

ಆ ದಿನ ಕುಂಬಾರ ಮಗನನ್ನು ನೋಡಲು ಬಂದಿದ್ದ. ಮಗನನ್ನು ಕಳಿಸಿ ಮೂರು ವರ್ಷವಾಗಿತ್ತು. ಅವನು ಗುರುವಿನ ಎದುರು ದನಿ ಎತ್ತುವವನಲ್ಲ. ಇನ್ನೊಂದು ವರ್ಷ ನೋಡುತ್ತೇನೆ, ಮುಂದಿನ ಆಷಾಢಕ್ಕೂ ಇವನು ಇಲ್ಲೇ ನಿಂತಿದ್ದರೆ ಕರೆದುಕೊಂಡು ಹೋಗುತ್ತೇನೆ, ಮಣ್ಣು ತುಳಿಯಲು ನನಗೂ ಇನ್ನೊಂದು ಜೊತೆ ಕಾಲು ಬೇಕು ಎಂದಷ್ಟೇ ಹೇಳಿ ಹೋದ. ಹುಡುಗನಿಗೆ ಮಣ್ಣು ತುಳಿಯುವುದು ಬೇಸರವಲ್ಲ. ನಾಗಸ್ವರ ಬಿಡುವುದು ಮಾತ್ರ ಅವನಿಂದ ಆಗದ ಕೆಲಸ. ಅದನ್ನು ಅವನು ಯಾರಿಗೂ ಹೇಳಲಿಲ್ಲ.

ಗುರು ಇಡೀ ವರ್ಷ ಯೋಚನೆ ಮಾಡಿದ. ಕೊನೆಗೆ ಅವನಿಗೆ ಹೊಳೆದದ್ದು ಇಷ್ಟೇ: ನಲವತ್ತು ಸಲ ಸಾಲಲಿಲ್ಲ, ಎಂಬತ್ತು ಸಲ ಊದಿಸಬೇಕು.

ಲಗ್ನದ ಕಾಲ ಬಂತು. ಮೊದಲ ಮದುವೆಗೆ ಹೊರಡುವ ಹಿಂದಿನ ದಿನ ಒತ್ತು ಊದುವ ಮುದುಕನ ಮುಂದಿನ ಹಲ್ಲುಗಳು ಉದುರಿದವು. ಒತ್ತು ಎಂದರೆ ವಾಲಗದಲ್ಲಿ ಶ್ರುತಿಗಾಗಿ ಒಂದೇ ಸ್ವರವನ್ನು ಎಡೆಬಿಡದೆ ಊದುವ ಕೊಳವಿ. ಅದಕ್ಕೆ ವಿದ್ಯೆ ಬೇಡ, ಉಸಿರು ಬೇಕು, ಹಲ್ಲು ಬೇಕು. ಬೇರೆ ದಾರಿ ಕಾಣದೆ ಗುರು ಹಿತ್ತಲಿನ ಕೋಣೆಯಿಂದ ಕುಂಬಾರನ ಮಗನನ್ನು ಕರೆದ. ಒಂದು ಸ್ವರ ಬಿಟ್ಟು ಇನ್ನೊಂದು ಊದಬೇಡ ಎಂದು ತಾಕೀತು ಮಾಡಿದ. ಪಾಪ, ಇವನ ಈ ವರ್ಷದ ಬೇಸಿಗೆಯೂ ಹಾಳಾಯಿತಲ್ಲ ಎಂದು ಮನಸ್ಸಿನಲ್ಲೇ ನೊಂದುಕೊಂಡ.

ಮುದುಕನ ಹಲ್ಲು ಮತ್ತೆ ಬರುವಂಥದ್ದಲ್ಲ. ಹುಡುಗ ಹದಿನೆಂಟು ಮದುವೆಗೆ ಹೋದ. ಹದಿನೆಂಟರಲ್ಲೂ ಗುರುವಿನ ಬೆನ್ನ ಹಿಂದೆ ಕೂತು ಒಂದೇ ಸ್ವರ ಊದಿದ. ಬೀಗರು ಬಂದದ್ದು ನೋಡಿದ, ಹಸೆಗೆ ಕರೆದದ್ದು ನೋಡಿದ. ಪುರೋಹಿತರು ಕೈ ಎತ್ತಿ ಗಟ್ಟಿಮೇಳ ಎಂದಾಗ ಗುರುವಿನ ಬೆರಳು ಹೇಗೆ ಹಾರುತ್ತದೆಂದು ನೋಡಿದ. ಊಟವಾದ ಮೇಲೆ ದೊಡ್ಡವರು ಚಪ್ಪರದ ಕೆಳಗೆ ಮಲಗುತ್ತಿದ್ದರು. ಪ್ರತಿ ಬೇಸಿಗೆಯಂತೆ ಮನೆಯವರ ಜೊತೆ ಬಂದಿದ್ದ ವಾದ್ಯದ ಮನೆಯ ಮಕ್ಕಳು ಕೊಟ್ಟಿಗೆಯ ಹತ್ತಿರ ಹೋಗಿ ಬೆಳಗ್ಗೆ ಕೇಳಿದ್ದನ್ನು ತಮಾಷೆಗೆ ಊದುತ್ತಿದ್ದರು. ಒಬ್ಬ ವರನಾಗುತ್ತಿದ್ದ, ಒಬ್ಬ ಪುರೋಹಿತನಾಗುತ್ತಿದ್ದ. ಮೊದಲ ಮೂರು ಮದುವೆಯಲ್ಲಿ ಕುಂಬಾರನ ಮಗ ದೂರ ನಿಂತ. ನಾಲ್ಕನೆಯದರಲ್ಲಿ ಅವರಿಗೆ ಊದುವವನೊಬ್ಬ ಕಡಿಮೆಯಾದ. ಬಾರೋ ಎಂದರು. ಹೋದ. ಮೊದಲು ಅವನು ಊದಿದ್ದಕ್ಕೆ ಎಲ್ಲರೂ ಬಿದ್ದು ಬಿದ್ದು ನಕ್ಕರು. ಹತ್ತನೆಯ ಮದುವೆಯ ಹೊತ್ತಿಗೆ ನಗುವುದನ್ನು ಮರೆತರು.

ಗುರುವಿಗೆ ಇದೊಂದೂ ತಿಳಿಯದು. ಆ ಹೊತ್ತಿನಲ್ಲಿ ಅವನು ಗೊರಕೆ ಹೊಡೆಯುತ್ತಿದ್ದ.

ಮತ್ತೆ ಆಷಾಢ ಬಂತು. ಕುಂಬಾರ ಹೇಳಿದ ಮಾತಿನಂತೆ ಬಂದು ಜಗಲಿಯ ಮೇಲೆ ಕೂತ. ಕೋಣೆಯಲ್ಲಿ ಎಂಬತ್ತು ಸಲ ಊದಿದ ನಾಲ್ವರಲ್ಲಿ ಇಬ್ಬರು ರಜೆಯ ನಡುವೆಯೇ ಓಡಿಹೋಗಿದ್ದರು. ಉಳಿದಿಬ್ಬರು ಸರಳೆಯನ್ನು ಚೊಕ್ಕವಾಗಿ ಊದಿ ಅಲ್ಲಿಗೇ ನಿಲ್ಲಿಸಿದರು. ಕುಂಬಾರನ ಮಗನ ಸರದಿ ಬಂದಾಗ ಗುರು ಅವನನ್ನು ದಾಟಿ ಮುಂದಿನವನನ್ನು ಕರೆದ. ಬೇಸಿಗೆಯೆಲ್ಲ ಪಾಠವಿಲ್ಲದ ಹುಡುಗ, ತಂದೆಯ ಎದುರು ಅವನ ಮಾನ ಯಾಕೆ ಕಳೆಯಬೇಕು ಎಂಬ ಕರುಣೆ. ಹುಡುಗ ತಾನೇ ಎದ್ದು ಬಂದು ನಾಗಸ್ವರ ತೆಗೆದುಕೊಂಡ.

ಬೀಗರು ಬರುವಾಗಿನದನ್ನು ಊದಿದ. ಹಸೆಗೆ ಕರೆಯುವುದನ್ನು ಊದಿದ. ಅಲ್ಲಲ್ಲಿ ತಪ್ಪಿತು, ತಪ್ಪಿದ್ದನ್ನು ತಾನೇ ತಿದ್ದಿಕೊಂಡು ಮುಂದೆ ಹೋದ. ಗುರು ಪರೀಕ್ಷೆಗೆಂದು ಸುಮ್ಮನೆ ಕೈ ಎತ್ತಿದ. ಹುಡುಗನ ಬೆರಳು ಹಾರಿತು. ಡೋಲಿನವನು ಕೇಳದೆಯೇ ಡೋಲು ಎಳೆದುಕೊಂಡ. ಜಗಲಿಯ ಮೇಲೆ ಕೂತಿದ್ದ ಕುಂಬಾರ ಎದ್ದು ನಿಂತ.

ಗುರು ಕೇಳಿದ: "ಇದನ್ನು ನಿನಗೆ ಯಾರು ಹೇಳಿಕೊಟ್ಟರಪ್ಪ?"

ಹುಡುಗ ಹೇಳಿದ: "ಯಾರೂ ಇಲ್ಲ ಗುರುಗಳೇ. ಸರಳೆ ಊದಿ ಊದಿ ಬಾಯಿ ನೋಯುತ್ತಿತ್ತು, ಅದು ಯಾತಕ್ಕೆ ಅಂತ ಗೊತ್ತಿರಲಿಲ್ಲ. ನಿಮ್ಮ ಹಿಂದೆ ಕೂತ ಮೇಲೆ ಗೊತ್ತಾಯಿತು. ನೀವು ಮಲಗಿದ ಮೇಲೆ ಕೊಟ್ಟಿಗೆಯ ಹತ್ತಿರ ಇವರ ಜೊತೆ ಊದಿ ನೋಡುತ್ತಿದ್ದೆ."

ಕುಂಬಾರ ಒಬ್ಬನೇ ಊರಿಗೆ ಹಿಂತಿರುಗಿದ. ಗುರು ಓಡಿಹೋದ ಇಬ್ಬರ ಮನೆಗೆ ತಾನೇ ಹೋಗಿ ಅವರನ್ನು ಕರೆತಂದ. ಮುಂದಿನ ಬೇಸಿಗೆಯಲ್ಲಿ ಹಿತ್ತಲಿನ ಕೋಣೆಗೆ ಸೌದೆ ತುಂಬಿಸಿದ. ಐವರನ್ನೂ ಮದುವೆಗಳಿಗೆ ಕರೆದುಕೊಂಡು ಹೋದ. ಒಬ್ಬನ ಕೈಗೆ ತಾಳ ಕೊಟ್ಟ, ಒಬ್ಬನಿಗೆ ಒತ್ತು ಕೊಟ್ಟ, ಉಳಿದವರನ್ನು ಕೂತು ಕೇಳಿ ಎಂದ. ಊಟವಾದ ಮೇಲೆ ತನಗೆ ನಿದ್ದೆ ಬರದಿದ್ದರೂ ಕಣ್ಣು ಮುಚ್ಚಿ ಮಲಗುತ್ತಿದ್ದ. ವಾಲಗದವರು ಐದು ಜನ ಎಂದು ಹೇಳಿ ಒಂಬತ್ತು ಎಲೆ ಹಾಕಿಸಿದಿರಲ್ಲ ಎಂದು ಹೆಣ್ಣಿನ ಕಡೆಯವರು ಗೊಣಗಿದರು. ಗುರು ಗೊಣಗಿಸಿಕೊಂಡ. ಕಾಲ ಕಳೆದಂತೆ ಐವರಲ್ಲಿ ನಾಲ್ವರು ಒಳ್ಳೆಯ ವಾದ್ಯಗಾರರಾದರು. ಗಾಣಿಗನ ಮಗ ಮಾತ್ರ ಊಟ ಚೆನ್ನಾಗಿ ಕಲಿತ.

ಸ್ವಾಮಿಗಳು ಕತೆ ನಿಲ್ಲಿಸಿದರು.

ಮರುಳಯ್ಯನಿಗೆ ಕತೆ ಹಿಡಿಸಿತು, ಸಮಾಧಾನವಾಗಲಿಲ್ಲ. ವಾಲಗಕ್ಕಾದರೆ ಮದುವೆ ಮನೆ ಇದೆ ಎಂದುಕೊಂಡ. ತಾನು ಕಲಿಸುವುದು ಓದು, ಬರಹ, ಮಗ್ಗಿ. ಅವು ಪಾಠ ಹೇಳದೆ ಬರುವಂಥವಲ್ಲ. ಅದನ್ನೇ ಹೇಳಿದ.

"ಬುದ್ಧಿ, ನಾನು ಕಲಿಸದೆ ಮಕ್ಕಳು ಬೇಸಿಗೆಯಲ್ಲಿ ಮುಂದೆ ಹೋಗುವುದು ಹೇಗೆ?"

ಸ್ವಾಮಿಗಳು ಕೇಳಿದರು: "ನಿನ್ನ ಶಾಲೆಯಲ್ಲಿ ಮುಂದೆ ಹೋದ ಮಕ್ಕಳಿಗೆ ರಜೆಯ ಆ ಎರಡು ತಿಂಗಳು ನೀನು ಏನು ಕಲಿಸಿದ್ದೆ, ಮರುಳಯ್ಯ?"