ಮೊದಲ ಹಾಳೆಯ ಕೈಲಾಸ

"ಗುರುಗಳೇ, ಮಕ್ಕಳ ಚರಿತ್ರೆಯ ಪುಸ್ತಕ ಒಳ್ಳೆಯದೋ ಅಲ್ಲವೋ ಎಂದು ತಿಳಿಯುವುದು ಹೇಗೆ?"

ಕೇಳಿದವನು ಮರುಳಸಿದ್ಧ. ಮಠದ ಶಾಲೆಯಲ್ಲಿ ಚಿಕ್ಕವರಿಗೆ ಪಾಠ ಹೇಳುವವನು. ಆಗಷ್ಟೇ ಓದಲು ಕಲಿತ ಮಕ್ಕಳಿಗೆ ಚರಿತ್ರೆಯ ಚಿತ್ರಪುಸ್ತಕವೊಂದನ್ನು ಅವನು ಆರಿಸಬೇಕಾಗಿತ್ತು. ತನಗೆ ಹಿಡಿಸಿದ್ದನ್ನು ಗುರುಗಳ ಮುಂದೆ ಬಿಡಿಸಿ ಇಟ್ಟ. "ನೋಡಿ, ಚಿತ್ರಗಳು ಕಣ್ಣಿಗೆ ಹಬ್ಬ. ಇಸವಿ ಒಂದೂ ತಪ್ಪಿಲ್ಲ. ಸುಳ್ಳು ಒಂದೂ ಇಲ್ಲ."

ಗುರುಗಳು ಹಾಳೆ ತಿರುವಿದರು. ಸಿಂಹಾಸನ, ಕಿರೀಟ, ಆನೆ, ಮತ್ತೆ ಸಿಂಹಾಸನ. ಅವರಿಗೆ ನಗು ಬಂತು.

"ಹಬ್ಬವೇನೋ ಸರಿ ಕಣಪ್ಪ, ಊಟ ಬಡಿಸಿದ್ದಾರೋ ಇಲ್ಲವೋ ನೋಡಿದೆಯಾ? ಕೂತುಕೋ. ಒಂದು ಕತೆ ಹೇಳುತ್ತೇನೆ, ನಡುವೆ ಬಾಯಿ ಹಾಕಬೇಡ" ಎಂದು ಶುರುಮಾಡಿದರು.

ಒಂದು ಊರು. ಊರ ಮುಂದೆ ಒಂದು ವೀರಗಲ್ಲು. ನೀನೂ ಅಂಥದ್ದನ್ನು ನೋಡಿರುತ್ತೀಯೆ, ಮೂರು ಅಂತಸ್ತಿನ ಕಲ್ಲು. ಕೆಳಗೆ ಒಬ್ಬ ಕಳ್ಳರೊಡನೆ ಹೊಡೆದಾಡುತ್ತಿದ್ದಾನೆ, ಪಕ್ಕದಲ್ಲಿ ದನಗಳು. ನಡುವೆ ಅಪ್ಸರೆಯರು ಅವನ ತೋಳು ಹಿಡಿದಿದ್ದಾರೆ. ಮೇಲೆ ಕೈಲಾಸದಲ್ಲಿ ಅವನು ಶಿವನ ಮುಂದೆ ಕೂತಿದ್ದಾನೆ. ಕೆಳಗಿನಿಂದ ಮೇಲಕ್ಕೆ ಓದಬೇಕಾದ ಕಲ್ಲು ಅದು. ಊರಿನ ದನ ಉಳಿಸಲು ಹೋಗಿ ಸತ್ತ ಒಬ್ಬ ದನಗಾಹಿಯ ಕಲ್ಲು.

ಊರ ಗೌಡನಿಗೆ ಮಕ್ಕಳೆಂದರೆ ಪ್ರೀತಿ. ಅವಕ್ಕೂ ಊರಿನ ಚರಿತ್ರೆ ಗೊತ್ತಾಗಲಿ ಎಂದು ಪೇಟೆಯಿಂದ ಒಬ್ಬ ಚಿತ್ರಗಾರನನ್ನು ಕರೆಸಿ, ಈ ಕಲ್ಲು ನೋಡಿ ಒಂದು ಪುಸ್ತಕ ಬರೆದುಕೊಡು ಎಂದ. ಚಿತ್ರಗಾರನದು ಪಳಗಿದ ಕೈ. ವೀರನ ಕಡಗವನ್ನೂ ಬಿಡಲಿಲ್ಲ, ಹಸುವಿನ ವಾರೆ ಕೊಂಬನ್ನೂ ಬಿಡಲಿಲ್ಲ. ಹಾಳೆ ಜೋಡಿಸುವಾಗ ಮಾತ್ರ ತಡವರಿಸಿದ.

'ಗೌಡರೇ, ಕೆಳಗಿನ ಚಿತ್ರದಲ್ಲಿ ಹೊಡೆದಾಟ, ರಕ್ತ. ಪುಸ್ತಕದ ಮೊದಲ ಹಾಳೆಯಲ್ಲೇ ರಕ್ತವೇ? ಅಮಂಗಳವಲ್ಲವೇ? ದೇವರಿಂದಲೇ ಶುರುಮಾಡೋಣ.'

ಗೌಡನಿಗೂ ಹೌದೆನ್ನಿಸಿತು. ಯಾವ ಒಳ್ಳೆಯ ಕೆಲಸವೇ ಆಗಲಿ, ದೇವರಿಂದ ತಾನೇ ಶುರು? ಹಾಗಾಗಿ ಕೈಲಾಸ ಮೊದಲ ಹಾಳೆಗೆ ಬಂತು, ಹೊಡೆದಾಟ ಕೊನೆಗೆ ಹೋಯಿತು. ಅಡಿಯಲ್ಲಿ ಒಂದೊಂದು ಸಾಲು: ಕೈಲಾಸದಲ್ಲಿ ನಮ್ಮ ವೀರ. ಅಪ್ಸರೆಯರ ಜೊತೆ ನಮ್ಮ ವೀರ. ದನ ಕಾಪಾಡುವ ನಮ್ಮ ವೀರ. ಮಕ್ಕಳು ಅದನ್ನು ಹಾಳೆ ಸವೆಯುವವರೆಗೂ ನೋಡಿದರು. ಗೌಡನಿಗೆ ಹಿಗ್ಗೋ ಹಿಗ್ಗು.

ಮಕ್ಕಳು ಬೆಳೆದರು. ಮೀಸೆ ಬಂತು, ತೋಳು ಬಲಿತವು. ಒಂದು ಮಧ್ಯಾಹ್ನ ಕಳ್ಳರು ಬಂದು ಊರಿನ ದನವನ್ನೆಲ್ಲ ಹೊಡೆದುಕೊಂಡು ಹೊಳೆಯ ಕಡೆ ಹೊರಟರು. ಹೊಳೆ ದಾಟಿದರೆ ಮುಗಿಯಿತು, ಒಂದು ಕರುವೂ ಹಿಂದಿರುಗುವುದಿಲ್ಲ. ಗೌಡ ಹೊಲದಿಂದ ಎದ್ದೆನೋ ಬಿದ್ದೆನೋ ಎಂದು ಓಡಿಬಂದ. ನೋಡುತ್ತಾನೆ, ಊರಿನ ಹುಡುಗರೆಲ್ಲ ವೀರಗಲ್ಲಿನ ಮುಂದೆ ಕೈಮುಗಿದು ನಿಂತಿದ್ದಾರೆ. ಅವನ ಮಗನೇ ಮಂಗಳಾರತಿ ತಟ್ಟೆ ಹಿಡಿದಿದ್ದಾನೆ.

'ಏನ್ರೋ ಇದು? ದನ ಹೋಗ್ತಾ ಇವೆ!'

'ಗೊತ್ತಪ್ಪ. ವೀರ ಇನ್ನೇನು ಇಳಿದು ಬರ್ತಾನೆ.'

ಗೌಡನಿಗೆ ಸಿಟ್ಟಿಗಿಂತ ನಾಚಿಕೆಯೇ ಹೆಚ್ಚಾಯಿತು. ಹುಡುಗ ಪುಸ್ತಕದಲ್ಲಿ ಕಂಡ ಹಾಗೆಯೇ ನಡೆದಿದ್ದ. ವೀರ ಮೇಲಿದ್ದ, ಅಪ್ಸರೆಯರು ತೋಳು ಹಿಡಿದು ಇಳಿಸಿದರು, ಬಂದು ದನ ಕಾಪಾಡಿದ. ಹಾಳೆ ಇದ್ದ ಹಾಗೆ ತಾನೇ ಮಕ್ಕಳು ಓದುವುದು?

'ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!' ಎಂದು ಗೌಡ ಹಣೆ ಚಚ್ಚಿಕೊಂಡ. ಮಗನ ಕತ್ತು ಹಿಡಿದು ಕಲ್ಲಿನ ಬುಡಕ್ಕೆ ಬಗ್ಗಿಸಿದ. 'ಇಲ್ಲಿಂದ ನೋಡೋ! ಇವನು ಮೇಲಿನಿಂದ ಬಂದವನಲ್ಲ. ನಿಮ್ಮ ಹಾಗೆ ಇದೇ ಊರಲ್ಲಿ ಅಂಬಲಿ ಕುಡಿದು ಬೆಳೆದವನು. ಮೊದಲು ಹೊಡೆದಾಡಿದ. ಕೈಲಾಸ ಎಲ್ಲ ಆಮೇಲೆ.'

ಹುಡುಗರು ಕಲ್ಲಿನ ಬುಡ ನೋಡಿದರು, ಮುಖ ಮುಖ ನೋಡಿಕೊಂಡರು. ತಟ್ಟೆ ಅಲ್ಲೇ ಉಳಿಯಿತು. ಕೈಗೆ ಸಿಕ್ಕ ದೊಣ್ಣೆ ಹಿಡಿದು ಓಡಿ, ಹೊಳೆಯ ದಡದಲ್ಲಿ ಕಳ್ಳರನ್ನು ಅಡ್ಡಹಾಕಿದರು. ಸಂಜೆ ದನಗಳೂ ಬಂದವು, ಹುಡುಗರೂ ಬಂದರು. ಒಬ್ಬಿಬ್ಬರ ತಲೆ ಒಡೆದಿತ್ತು, ಅಷ್ಟೆ. ಕೈಲಾಸಕ್ಕೆ ಯಾರೂ ಹೋಗಬೇಕಾಗಲಿಲ್ಲ. ಅವತ್ತು ಊರಿಗೆಲ್ಲ ಪಾಯಸ. ಗೌಡ ಪುಸ್ತಕದ ಹೊಲಿಗೆ ಬಿಚ್ಚಿ, ಹಾಳೆಗಳನ್ನು ತಿರುಗಾಮುರುಗಾ ಮಾಡಿ ಹೊಸದಾಗಿ ಹೊಲಿದ.

ಕತೆ ಮುಗಿಯಿತು. ಮರುಳಸಿದ್ಧನಿಗೆ ಕೇಳಿ ಸಂತೋಷವಾಯಿತು, ಆದರೂ ಬಿಡಲಿಲ್ಲ.

"ಆದರೆ ಗುರುಗಳೇ, ಗೌಡ ಮೊದಲು ಮಾಡಿಸಿದ ಪುಸ್ತಕದಲ್ಲೂ ಸುಳ್ಳು ಒಂದೂ ಇರಲಿಲ್ಲವಲ್ಲ?"

ಗುರುಗಳು ಸಿಂಹಾಸನಗಳ ಪುಸ್ತಕವನ್ನು ಮುಚ್ಚಿ ಅವನ ಕೈಗೇ ಕೊಟ್ಟರು.

"ಇರಲಿಲ್ಲ ಕಣಪ್ಪ, ಓದುವ ಮಗುವಿಗೆ ಅದರಲ್ಲಿ ಜಾಗವೂ ಇರಲಿಲ್ಲ."